ಅಪ್ಪನ್ನ ಗ್ವಾಡಿಯಿಂದ ಇಳಸೂದು

4 ಜನವರಿ 1979

ಮತ್ತ ಅದ ಮೀಟಿಂಗು, ಅದ ತಂಗಳ ಅವಲಕ್ಕಿ. ಡಾಕ್ಟರ್ ಸಾಹೇಬ್ರು ಹಳಿಯಾಳದಾಗ ಟಾರ್ಗೆಟ್ ಟಾರ್ಗೆಟ್ ಅಂತ ಗಂಟಲ ಹರಕೊಂಡ್ರು. ಕುಟುಂಬ ಯೋಜನಾ ಆಪರೇಷನ್ ಕೇಸು ಕಡಿಮಿ ಅಂತ. ನಾ ಏನು ಹಾದ್ಯಾಗ ಬಲಿ ಒಡ್ಡಿ ಗಂಡಸರನ್ನ ಹಿಡೀಲೇನು? ನಮ್ಮೂರು ಸಾಂಬ್ರಾಣಿ ಸುತ್ತ ಯಾವ ಮನಿಗೆ ಹೋದ್ರೂ ಹಿತ್ತಲ ಬಾಗಲದಿಂದ ಓಡಿ ಹೋಗ್ತಾರ. ನರ್ಸಬಾಯಿ ಬಂದ್ಳು ಅಂದ್ರ ಹುಲಿ ಬಂದ್ಹಂಗ. ದೊಡ್ಡ ಶೂರರು.

ತಿರಗಿ ಬರೂಮುಂದ ಹೊನ್ನಿಕಟ್ಟ್ಯಾಗ ಬಸ್ಸು ಬದಲಿ. ಸಂತಿ ದಿನ, ಕಾಲಿಡಾಕ ಜಾಗ ಇಲ್ಲ. ಅಲ್ಲೆ ಬಸ್ ಸ್ಟ್ಯಾಂಡು ಅಂದ್ರ ಠಾಣೆ ಎದರಿನ ಆಲದ ಗಿಡ. ನಾ ಯಾವಾಗಲೂ ಠಾಣೆಗೆ ಬೆನ್ನು ಮಾಡಿ ನಿಲ್ಲಾಕಿ. ಇವತ್ತೂ ಹಂಗ ನಿಂತಿದ್ದೆ. ಹಿಂದ ನಗು ಕೇಳಿ ತಿರಗಿದೆ. ಯಾವನೋ ಬಾಡ್ಯಾ ಎಲಿಗೆ ಸುಣ್ಣ ಹಚ್ಚಿ, ಉಳದ ಸುಣ್ಣದ ಬಟ್ಟು ಠಾಣೆ ಗ್ವಾಡಿ ಮ್ಯಾಲಿನ ಬೋರ್ಡಿನ ಜಾಳಗಿ ಒಳಗ ತೂರಿಸಿ ಅಪ್ಪನ ಫೋಟೋಕ್ಕ ವರಸಾಕತ್ತಿದ್ದ. "ಸಿದ್ದ್ಯಾನ ಮಾರಿ ಸ್ವಲ್ಪ ಬೆಳ್ಳಗಾಗ್ಲಿ ತಗೊ" ಅಂತ. ಜೋಡಿದಾರರು ಹೊಟ್ಟಿ ಹಿಡಕೊಂಡು ನಗತಿದ್ರು. ಪಡಸಾಲ್ಯಾಗ ಪೊಲೀಸಪ್ಪ ಕುಂತಿದ್ದ. ಅಂವನೂ ನಕ್ಕ.

ಅಪ್ಪ ಬಸ್ತ್ಯಾಂವ ಸತ್ತು ಏಳು ವರ್ಷ ಆತು. ದಾರೂಬಂದಿ ಕಾಲದಾಗ ಗೋವಾದ ಫೆಣಿ ತಲಿ ಮ್ಯಾಲ ಹೊತಗೊಂಡು ಅನಮೋಡದ ಅಡವ್ಯಾಗ ಹಾದು ಬರತಿದ್ದ. ಮೂರು ಸಲ ಹಿಡದ್ರು, ಮೂರು ಸಲ ಜೇಲು. ಆವಾಗ ಪೊಲೀಸರು ತಗದ ಫೋಟೋ ಇನ್ನೂ ಆ ಗ್ವಾಡಿ ಮ್ಯಾಲ ಐತಿ. "ಇವರ ಬಗ್ಗೆ ಸಾರ್ವಜನಿಕರು ಎಚ್ಚರದಿಂದಿರಬೇಕು" ಅಂತ ಮ್ಯಾಲ ದೊಡ್ಡ ಅಕ್ಷರ. ಈಗ ದಾರೂಬಂದಿ ಇಲ್ಲ, ಎದ್ದು ಹೋಗಿ ಹತ್ತು ವರ್ಷದ ಮ್ಯಾಲಾತು. ಆ ಫೆಣಿ ಯಾರದಿತ್ತೋ, ಆ ಈಶಪ್ಪ ಸಾವಕಾರ ಠಾಣೆ ಎದರಿಗೇ ಸರಕಾರಿ ಲೈಸನ್ಸಿನ ಅಂಗಡಿ ತಗದು ಕುಂತಾನ. ಹಣಿ ತುಂಬ ವಿಭೂತಿ, ಕಪಾಟ ತುಂಬ ಬಾಟ್ಲಿ. ಥೂ.

ಇಳಸ್ತೇನಿ. ಅಪ್ಪನ್ನ ಆ ಗ್ವಾಡಿಯಿಂದ ಇಳಸೂದ.

ಅವ್ವ ಸಂತಿಯಿಂದ ನನಗಿಂತ ತಡಾ ಬಂದ್ಳು. ಪ್ರತಿ ಸಂತಿಗೂ ಇದ ಕಥಿ. ಇಡೀ ದಿನ ಹೋಗಿ ತಂದದ್ದು ನಾಕು ಉಳ್ಳಾಗಡ್ಡಿ. ಸೆರಗಿನ್ಯಾಗ ಒಡದ ಬೀಡಿ ಕಟ್ಟು ಬ್ಯಾರೆ. ಈ ವಯಸ್ಸಿನ್ಯಾಗ ಬೀಡಿ ಸುರು ಮಾಡ್ಯಾಳೇನೋ. ನಾ ತುಟಿ ಓರಿ ಮಾಡಿದೆ ಅಂತ ಕಾಣ್ತೈತಿ. "ಹಂಗ ಮಾಡಬ್ಯಾಡ" ಅಂದ್ಳು, ಯಾವಾಗಿನ ಹಂಗ.

6 ಜನವರಿ, ಮಧ್ಯಾಹ್ನ

ಅರ್ಜಿ ಬರದೆ. ಅರ್ಜಿ ಬರಿಯಾವರ ಕಡೆ ಹೋಗಲಿಲ್ಲ. ಅವರು "ಮಹಾಸ್ವಾಮಿ, ಬಡವಳು, ದಿಕ್ಕಿಲ್ಲದವಳು" ಅಂತ ನಾಕು ಸಾಲು ಅಳಸ್ತಾರ. ನಾ ಬಡವಿ ಅಲ್ಲ, ದಿಕ್ಕಿಲ್ಲದಾಕಿನೂ ಅಲ್ಲ. ಸರಕಾರಿ ನೌಕರಿ ಐತಿ. ನೆಟ್ಟಗ ಬರದೆ — ನನ್ನ ತಂದೆಯವರ ಭಾವಚಿತ್ರವನ್ನೂ ಅಪರಾಧದ ವಿವರಗಳನ್ನೂ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ತೆಗೆದು ಮುಚ್ಚಿಡಬೇಕು. ವಿನಂತಿ ಅಂತ ಒಂದ ಸಲ ಬರದೆ. ಅದೂ ಜಾಸ್ತಿ ಆತು.

ಅವ್ವಗ ಹೇಳಿದೆ. ಮನ್ಯಾಗ ನಮ್ಮ ಮಾತು ಕೊಂಕಣಿ, ಇಲ್ಲೆ ಬರಿಯೂದು ಸಾಲ್ಯಾಗ ಕಲ್ತ ಕನ್ನಡ.

"ತೆಗದು?" ಅಂದ್ಳು.

"ಮುಚ್ಚಿ ಇಡ್ತಾರ."

"ಎಲ್ಲಿ?"

"ಎಲ್ಲೋ ಒಂದು ಕಪಾಟದಾಗ. ನಿನಗೇನು ಮಾಡೂದೈತಿ?"

ಕೋಳಿಗೆ ಕಾಳು ಹಾಕಾಕ ಹೊರಗ ಹೋದ್ಳು. ಹಾಕಿ ಅರ್ಧಾ ತಾಸಾಗಿತ್ತು ಅಷ್ಟ.

12 ಜನವರಿ, ಸಂಜಿ

ಠಾಣೆ. ಬೋರ್ಡಿನ ಕಡೆ ನೋಡದ ಸೀದಾ ಒಳಗ ಹೋದೆ. ಹೆಡ್ ಕಾನ್‌ಸ್ಟೇಬಲ್ ಸಾತಪ್ಪ ಕಡ್ಡಿಯಿಂದ ಕಿವಿ ಕೆರಕೋತ ಕುಂತಿದ್ದ. ಅವತ್ತು ನಕ್ಕಾಂವ ಇವನ. ಇವನ ಎರಡೂ ಮಕ್ಕಳು ನನ್ನ ಕೈಯಾಗ ಹುಟ್ಯಾವು. ಎರಡನೇದರ ಹೊತ್ತಿಗೆ ಹೆಂಡ್ತಿಗಿಂತ ಇವನ ಜಾಸ್ತಿ ಚೀರಿದ್ದ. ಅರ್ಜಿ ತಗೊಂಡು ಬೆಳಕಿಗೆ ಹಿಡದ, ಆಮ್ಯಾಲ ತಿರುವಿ ಹಾಕಿ ನೋಡಿದ, ಹಿಂದ ಏನಾರ ಬರದೇತೇನೋ ಅಂತ.

"ಸತ್ತಾನಂತ ದಾಖಲಿ ಬೇಕಲ್ರಿ ಬಾಯಾರ."

"ಸತ್ತು ಏಳು ವರ್ಷ ಆತು. ಮಣ್ಣಿಗೆ ನೀವೂ ಬಂದಿದ್ರಿ."

"ಅದು ಖರೇನ್ರಿ. ಆದ್ರ ನಮ್ಮಲ್ಲೆ ಅಂವ ಇನ್ನೂ ಜೀವಂತ ಅದಾನ. ವರ್ಷಕ್ಕೊಮ್ಮೆ ಷರಾ ಬರೀತೇವಿ."

"ಏನಂತ?"

"ನಡತಿ ಸುಧಾರಿಸೇತಿ ಅಂತ."

ಏಳು ವರ್ಷ ಮಣ್ಣಾಗ ಮಲಗಿದಾಂವನ ನಡತಿ ಸುಧಾರಿಸೇತಂತ! ಇದಕ್ಕ ಪಗಾರ ತಗೋತಾರ, ಯೂನಿಫಾರ್ಮ್ ತಗೋತಾರ, ದೀಪಾವಳಿಗೆ ಮುಂಗಡ ತಗೋತಾರ. ಅಪ್ಪ ಬದುಕಿದ್ದಾಗ ಒಂದ ವರ್ಷನೂ ಹಂಗ ಬರದಿರಲಿಕ್ಕಿಲ್ಲ.

21 ಜನವರಿ, ಐತವಾರ

ಪೂಜಿ ಮುಗದ ಮ್ಯಾಲ ಇಗರ್ಜ್ಯಾಗ ಪಾದ್ರಿ ಅವರನ್ನ ಕೇಳಿದೆ. ಅಪ್ಪನ ಮಣ್ಣಿನ ತಾರೀಖು ಹುಡಕಿ ಚೀಟಿ ಬರದು ಕೊಟ್ರು. ಬರಕೋತ ಅಂದ್ರು, "ಇಜಾಬೆಲ್, ಸತ್ತವರಿಗೆ ಯಾವ ನಾಚಿಕಿ?"

ಸತ್ತವರಿಗಿಲ್ಲ. ಬಸ್ಸಿಗೆ ನಿಂತವರಿಗೈತಿ. ಬಾಯಿಬಿಟ್ಟು ಅನ್ನಲಿಲ್ಲ. "ತುಟಿ ಯಾಕ ಹಂಗ ಮಾಡ್ತಿ?" ಅಂದ್ರು. ಎಲ್ಲಾರಿಗೂ ನನ್ನ ತುಟಿದ ಚಿಂತಿ.

ಮನಿಗೆ ಬಂದ್ರ ಅವ್ವ ಮೂಲ್ಯಾಗ ಕುಂತಾಳ, ಹಿರೇರ ಮುಂದ. ಅಪ್ಪ ಕ್ರಿಸ್ತಾಂವ, ಅವ್ವ ಹಿಂದೂ ಸಿದ್ದಿ. ಗ್ವಾಡಿ ಮ್ಯಾಲ ಶಿಲುಬಿ, ಮೂಲ್ಯಾಗ ಹಿರೇರ ತೆಂಗಿನಕಾಯಿ. ಸತ್ತ ಅಜ್ಜ, ಮುತ್ತಜ್ಜ, ಈಗ ಅಪ್ಪನೂ, ಎಲ್ಲಾರೂ ಆ ಕಾಯಿಯಾಗ ಅದಾರಂತ. ಮನಿಗೆ ಏನ ಬರ್ಲಿ, ಮೊದಲ ಪಾಲು ಅವರಿಗೆ. ನಾ ಹಳಿಯಾಳದಿಂದ ತಂದ ಬಿಸ್ಕೀಟೂ ಬಿಡಾಂಗಿಲ್ಲ. ಹಿರೇರು ಬಿಸ್ಕೀಟು ತಿಂತಾರೇನು? ಇರುವಿ ತಿಂತಾವು.

1 ಫೆಬ್ರವರಿ

ಚೀಟಿ ಕೊಟ್ಟೆ. ಫೌಜದಾರ ಹೊಸಬ. ಮೀಸಿ ಇನ್ನೂ ಬರಬೇಕಾಗೇತಿ, ದೌಲತ್ತು ಮೊದಲ ಬಂದೇತಿ. ರೂಲು ಪುಸ್ತಕ ತಗದು ಬಟ್ಟಿಟ್ಟು ಓದಿದ.

"ಮುಚ್ಚೂಕಿಂತ ಮೊದಲ ಸಾರ್ವಜನಿಕರದು ಏನಾರ ತಕರಾರು ಐತೇನು ಅಂತ ಕೇಳಬೇಕಾಗ್ತೈತ್ರಿ."

"ಹೆಂಗ ಕೇಳ್ತೀರಿ?"

"ಡಂಗುರ ಹೊಡಸ್ತೇವಿ. ಸಂತಿ ದಿನ."

ಚ್ಯಾಷ್ಟಿ ಮಾಡಾಕತ್ತಾನ ಅಂತ ತಿಳಕೊಂಡೆ. ಇಲ್ಲ, ಮಾರಿ ಗಟ್ಟಿ ಇಟಗೊಂಡ ಹೇಳಾಕತ್ತಿದ್ದ. ಮಂದಿ ಕಣ್ಣಿಂದ ಮುಚ್ಚಬೇಕಂದ್ರ ಮೊದಲ ಮಂದಿ ಕಿವ್ಯಾಗ ಒದರಬೇಕಂತ. ಈ ರೂಲು ಬರದಾಂವ ಯಾವನೋ, ಹುಟ್ಟೂಮುಂದ ಅಂವನ ತಲಿ ಯಾವ ಸೂಲಗಿತ್ತಿ ಜೋರಲೆ ಒತ್ತಿದ್ಳೋ ಏನೋ.

19 ಫೆಬ್ರವರಿ, ಜೊಯಿಡಾ

ಕ್ಯಾಂಪ್ ಡ್ಯೂಟಿ. ಬಸ್ಸು ದಿನಕ್ಕೊಂದು, ಅದೂ ಡ್ರೈವರನ ಮನಸಿದ್ರ. ಕಚೇರಿ ತುಂಬ ಕುರ್ಚಿ, ಕುರ್ಚಿ ಮ್ಯಾಲ ಯಾರೂ ಇಲ್ಲ. ಸಿಪಾಯಿ ಅಂದ "ಸಾಹೇಬ್ರು ಈಗ ಬರ್ತಾರ್ರಿ." ಮೂರು ದಿನದಿಂದ ಈಗ ಬರಾಕತ್ತಾರ.

ಠಾಣೆಯಿಂದ ಸುದ್ದಿ ಇಲ್ಲ. ಡಂಗುರದಾಂವ ಆರಾಮಿಲ್ಲ ಅಂತ ಸಾತಪ್ಪ ಹೇಳಿ ಕಳಿಸ್ಯಾನ. ಒಬ್ಬ ಡೋಲು ಬಡಿಯಾಂವನ ಮ್ಯಾಲ ಸರಕಾರ ನಿಂತೇತಿ ನೋಡು.

8 ಮಾರ್ಚ್

ಡಂಗುರ ಆತು.

ಡಂಗುರದಾಂವ ಈಶಪ್ಪನ ಅಂಗಡ್ಯಾಗ ಗಂಟಲ ಹಸಿ ಮಾಡ್ಕೊಂಡ ಬಂದಿದ್ದ. ಮೆಣಸಿನಕಾಯಿ ಸಾಲಿನ ನಡುವ ನಿಂತು ಬಾರಿಸಿದ. "ಕೇಳ್ರಪೋ ಕೇಳ್ರಿ! ಸಾಂಬ್ರಾಣಿ ಬಸ್ತ್ಯಾಂವ ಸಿದ್ದಿ, ದಾರೂ ಕೇಸಿನ್ಯಾಗ ಮೂರು ಸಲ ಜೇಲಿಗೆ ಹೋದಾಂವ! ಇವನ ಫೋಟೋ ತಗೀಬೇಕಂತ ಇವನ ಮಗಳು ನರ್ಸಬಾಯಿ ಇಜಾಬೆಲ್ ಅರ್ಜಿ ಕೊಟ್ಟಾಳ! ತಕರಾರ ಇದ್ದವರು ಠಾಣೆಗೆ ಬರ್ರಪೋ!" ನನ್ನ ಹೆಸರು ಬಂದಾಗ ಡೋಲಿಗೆ ಎರಡು ಪೆಟ್ಟು ಜಾಸ್ತಿ ಹಾಕಿದ. ಗೌರವಕ್ಕಂತ ಕಾಣ್ತೈತಿ.

ಇಡೀ ಸಂತಿ ಠಾಣೆ ಕಡೆ ತಿರಗಿತು. ಹುಟ್ಟಿದಾಗಿಂದ ಆ ಬೋರ್ಡು ನೋಡದವರೂ ನೋಡಾಕ ಹೋದ್ರು. ಸವತಿಕಾಯಿ ಮಾರೋ ಕೆಂಚವ್ವ ಬುಟ್ಟಿ ಬಿಟ್ಟ ಎದ್ದು ಬಂದು "ಯಾವದ್ರಿ, ಯಾವದ್ರಿ?" ಅಂತ ಕೇಳಾಕತ್ತಿದ್ಳು. ಸಾತಪ್ಪ ಲಾಠಿ ತುದಿಯಿಂದ ಅಪ್ಪನ್ನ ತೋರಸ್ತಿದ್ದ, ಸಾಲಿ ಮಾಸ್ತರ ನಕಾಶಿ ತೋರಿಸಿದ್ಹಂಗ. ನನ್ನ ಜೋಡಿ ಕೆಲಸ ಮಾಡೋ ನೀಲಕ್ಕ ಓಡಿ ಬಂದು ಕೈ ಹಿಡಕೊಂಡ್ಳು. "ಅಯ್ಯ, ನಿಮ್ಮಪ್ಪನೇನ್ರಿ ಅಂವ! ಇಷ್ಟ ವರ್ಷ ಗೊತ್ತ ಇರಲಿಲ್ಲ ನೋಡ್ರಿ!" ಈಗ ಗೊತ್ತಾತಲ್ಲ ತಾಯಿ. ಊರಿಗೆಲ್ಲಾ ಹಂಚು.

ಇದೆಲ್ಲಾದರ ನಡುವ ಅವ್ವ. ಠಾಣೆ ಪಾವಟಿಗಿ ಮ್ಯಾಲ, ಬೋರ್ಡಿನ ಬುಡಕ್ಕ ಆರಾಮ ಕುಂತಾಳ! ತೋಳು ಹಿಡದು ಎಬ್ಬಿಸಿದೆ. "ಇಲ್ಲೆ ಯಾಕ ಕುಂತಿ? ಮಾನ ಮರ್ಯಾದಿ ಐತಿಲ್ಲ?"

"ನೆರಳೈತಿ" ಅಂದ್ಳು.

ಆಲದ ಗಿಡ ಬಿಟ್ಟು ಈಕಿಗೆ ಠಾಣೆ ನೆರಳ ಬೇಕು.

16 ಮಾರ್ಚ್

ತಕರಾರು ಬಂದೈತಂತ! ಸಾತಪ್ಪ ಬಸ್ಸಿನ ಕಂಡಕ್ಟರ್ ಕೈಯಾಗ ಹೇಳಿ ಕಳಿಸ್ಯಾನ. ಯಾರದು ಅಂತ ಹೇಳಿಲ್ಲ. ವಿಚಾರಣಿ ಇಪ್ಪತ್ತೊಂಬತ್ತಕ್ಕ, ಅವತ್ತ ಗೊತ್ತಾಗ್ತೈತಂತ.

ಗೊತ್ತಾಗೂದೇನೈತಿ. ಈಶಪ್ಪ. ಮತ್ಯಾರು?

17 ಮಾರ್ಚ್

ಸೀದಾ ಅಂಗಡಿಗೆ ಹೋದೆ. ಹೆಣ್ಣಮಗಳು ದಾರೂ ಅಂಗಡಿ ಪಾವಟಿಗಿ ಏರಿದ್ಳು ಅಂತ ಹೊನ್ನಿಕಟ್ಟಿ ಬಾಯಿ ತಗೀತು. ತಗೀಲಿ, ನೊಣ ಹೋಗ್ಲಿ.

"ತಕರಾರ ಕೊಟ್ಟೀರೇನ್ರಿ ಸಾವಕಾರ್ರ?"

"ನಾ ಯಾಕ ಕೊಡ್ಲೆವಾ?" ಅಂದ. ಮುದುಕ ಆಗ್ಯಾನ, ದನಿ ಸಣ್ಣ ಆಗೇತಿ. "ಮೊದಲ ನನ್ನ ಗಾದಿ ಈ ಕಡೆ ಇತ್ತು. ಕಣ್ಣ ಎತ್ತಿದ್ರ ನಿಮ್ಮಪ್ಪ ಎದರಿಗೆ. ಅದಕ್ಕ ತಿರಿಗಿಸಿ ಹಾಕಿಸೇನಿ, ನೋಡು."

ನೋಡಿದೆ. ಖರೇನ, ರಸ್ತಾಕ್ಕ ಬೆನ್ನು ಮಾಡಿ ಕುಂದರ್ತಾನ ಪುಣ್ಯಾತ್ಮ. ಗಿರಾಕಿ ಬಂದ್ರ ಕುತಗಿ ಹಿಂದ ತಿರಿಗಿಸಿ ಮಾತಾಡ್ತಾನ. ವ್ಯಾಪಾರಕ್ಕ ಬೆನ್ನು ಮಾಡಿದ ಸಾವಕಾರನ್ನ ಇವನ್ನ ಒಬ್ಬನ್ನ ಕಂಡೇನಿ.

"ಮೂರು ಸಲ ಹಿಡದ್ರು, ಒಂದು ಸಲನೂ ನನ್ನ ಹೆಸರು ಬಾಯಿಗೆ ತರಲಿಲ್ಲ ಬಸ್ತ್ಯಾಂವ. ತೆಗಸವಾ, ಲಗೂ ತೆಗಸು. ನನಗೂ ಕುತಗಿ ನೆಟ್ಟಗಾಗ್ತೈತಿ."

"ಮತ್ತ ತಕರಾರ ಯಾರದು?"

"ನಿಮ್ಮವ್ವನ್ನ ಕೇಳು."

ಅವ್ವನ ಸುದ್ದಿಗೆ ಬರ್ತಾನ! "ನಾಲಗಿ ಹಿಡದು ಮಾತಾಡ್ರಿ" ಅಂದು ಇಳದ ಬಂದೆ. ಅಪ್ಪನ ತಲಿ ಮ್ಯಾಲ ಹೊರಿಸಿ ಮನಿ ಕಟಿಗೊಂಡಾಂವ, ಈಗ ಅವ್ವನ ಹೆಗಲ ಮ್ಯಾಲ ಹಾಕಾಕ ನೋಡ್ತಾನ. ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮ್ಯಾಲ ಇಳದಿತ್ತು. ಹೇಸಿಗಿ ಬಂತು.

29 ಮಾರ್ಚ್

ಬರೀಬಾರದು ಅಂದಿದ್ದೆ. ಬರೀತೇನಿ.

ಫೌಜದಾರ ಕಾಗದ ಹಿಡದು ಓದಿದ. "ತಕರಾರದಾರರು — ಗಂಗೂ ಕೋಂ ಬಸ್ತ್ಯಾಂವ ಸಿದ್ದಿ, ಸಾಂಬ್ರಾಣಿ." ಕೆಳಗ ಹೆಬ್ಬಟ್ಟು. ಅಕ್ಷರ ಸಾತಪ್ಪನದು. ಬಾಗಲ ಕಡೆ ನೋಡಿದೆ. ಅವ್ವ ನಿಂತಿದ್ಳು. ಸಂತಿಗೆ ಅಂತ ಮುಂಜಾನೆ ನನಗಿಂತ ಮೊದಲ ಹೊಂಟ ಬಂದಾಕಿ.

"ಏನಜ್ಜಿ, ಯಾಕ ತೆಗೀಬಾರದು?"

ಅವ್ವನ ಕನ್ನಡ ಮೊದಲ ಹರಕು. "ಇರ್ಲಿ ಸಾಯೇಬಾ. ಮನ್ಯಾಗ ಇಲ್ಲ. ಅಂವಂದು ಫೋಟೋ ಮತ್ತ ಎಲ್ಲೂ ಇಲ್ಲ. ಇದೊಂದ."

"ಅಜ್ಜಿ, ಇದು ಕಳ್ಳರ ಬೋರ್ಡು. ಫೋಟೋ ಸ್ಟುಡಿಯೋ ಅಲ್ಲ."

"ಗೊತ್ತೈತಿ. ವಾರಕ್ಕ ಒಂದಿನ ನೋಡ್ತೇನಿ. ಇಲ್ಲೆ ಕುಂತು ನೋಡ್ತೇನಿ. ಯಾರಿಗೂ ತ್ರಾಸು ಇಲ್ಲ."

ಪೊಲೀಸರು ನಕ್ರು. ಸಾತಪ್ಪ ಒಬ್ಬ ನಗಲಿಲ್ಲ, ಟೊಪ್ಪಗಿ ತಿರುವಾಡ್ತಿದ್ದ. ನನಗ ಭೂಮಿ ಬಾಯಿಬಿಡಲಿ ಅನ್ನಿಸ್ತು. ಮಗಳದು ಅರ್ಜಿ, ಅವ್ವಂದು ತಕರಾರು. ನಾಟಕ ಕಂಪನಿ ನೋಡಾಕೂ ಇಷ್ಟ ಮಂದಿ ಕೂಡೂದಿಲ್ಲ.

ಫೌಜದಾರ ಹೇಳಿದ, ಅಂತಃಕರಣ ಅನ್ನೂದು ತಕರಾರಿಗೆ ಕಾರಣ ಆಗೂದಿಲ್ಲ ಅಂತ. ನನ್ನ ಅರ್ಜಿ ಮಂಜೂರಿಗೆ ಕಾರವಾರಕ್ಕ ಹೋಗ್ತೈತಿ. ಗೆದ್ದೆ.

"ತೆಗದ ಮ್ಯಾಲ ಫೋಟೋ ನಮಗ ಕೊಡ್ತೀರಿ?" ಕೇಳಿದೆ. ಯಾಕ ಕೇಳಿದೆನೋ.

"ಇಲ್ರಿ. ಲಕೋಟ್ಯಾಗ ಹಾಕಿ, ಅರಗು ಒತ್ತಿ ಮ್ಯಾಲ ಕಳಸ್ತೇವಿ. ಯಾರಿಗೂ ತೋರಸಾಂಗಿಲ್ಲ. ನೀವ ಕೇಳಿದ್ದಲ್ರಿ?"

ಬಸ್ಸಿನ್ಯಾಗ ಅವ್ವ ಹಿಂದಿನ ಸೀಟಿನ್ಯಾಗ ಕುಂತ್ಳು. ನಾ ಮುಂದ.

30 ಮಾರ್ಚ್

"ನನಗ ಹೇಳಬಾರದಿತ್ತೇನು?"

"ಹೇಳಿದ್ರ ನೀ ತುಟಿ ಹಂಗ ಮಾಡ್ತಿದ್ದಿ."

ಒಲಿ ಊದಕೋತ ಹೇಳಿದ್ಳು, ನನ್ನ ಕಡೆ ತಿರಗಿ ನೋಡಲಿಲ್ಲ. ಏಳು ವರ್ಷದಿಂದ ಸಂತಿಗೆ ಹೋಗೂದು ಇದಕ್ಕಂತ. ಬೀಡಿ ಅಪ್ಪಗಂತ. ಎರಡು ಬೀಡಿ ಬೋರ್ಡಿನ ಬುಡಕ್ಕ ಕಟ್ಟಿ ಮ್ಯಾಲ ಇಟ್ಟು ಬರ್ತಾಳ. ಮುಂದಿನ ಸಂತಿಗೆ ಹೋದ್ರ ಬೀಡಿ ಇರೂದಿಲ್ಲ.

"ಪೊಲೀಸರು ಸೇದಿರ್ತಾರ, ಹುಚ್ಚಿ!"

"ಯಾರೋ ಸೇದ್ತಾರಲ್ಲ."

"ಮನ್ಯಾಗ ಹಿರೇರಿಗೆ ಇಡ್ತಿ, ಸಾಲೂದಿಲ್ಲ?"

"ಮನ್ಯಾಗ ತೆಂಗಿನಕಾಯಿ ಐತಿ. ಅದಕ್ಕ ಮಾರಿ ಇಲ್ಲ." ಕೊಳವಿ ಕೆಳಗಿಟ್ಟ್ಳು. "ಇಜಾ, ನನಗ ಅಂವನ ಮಾರಿ ಮರೀತೈತಿ. ಒಂದ ದಿನ ನೋಡಿ ಬಂದ್ರ ಮುಂದಿನ ಸಂತಿ ತನಕ ತಡೀತೈತಿ. ಅಷ್ಟ."

ನಾ ಡ್ಯೂಟಿಗೆ ಹೊಂಟ ಬಂದೆ. ಇಡೀ ದಿನ ಬಸುರಿ ಹೆಂಗಸರ ಮ್ಯಾಲ ಒದರ್ಯಾಡಿದೆ.

7 ಏಪ್ರಿಲ್

ಫೋಟೋಕ್ಕ ಇನ್ನೊಂದು ಫೋಟೋ ತಗದ್ರಾತು! ಇಷ್ಟು ಸಾದಾ ವಿಚಾರ ಯಾರ ತಲ್ಯಾಗೂ ಬರಲಿಲ್ಲ. ಸಾತಪ್ಪ ಒಪ್ಪಿದ — ಸಾರ್ವಜನಿಕ ಬೋರ್ಡು, ಯಾರು ಬೇಕಾದ್ರೂ ಹೊಡಕೋಬಹುದಂತ. ಇವನ ಬಾಯಾಗ ಬಂದ ಮೊದಲನೇ ಉಪಯೋಗದ ಮಾತು.

ದಾಂಡೇಲಿಯಿಂದ ಸ್ಟುಡಿಯೋ ಅಂದಾನೆಪ್ಪನ್ನ ಕರಕೊಂಡ ಬಂದೆ. ಕರೆ ಅರಬಿ ಹೊದ್ದು ಏನೇನೋ ಮಾಡಿದ. ನಾ ಗಿಡದ ಬುಡಕ್ಕ, ಬೋರ್ಡಿಗೆ ಬೆನ್ನು ಮಾಡಿ ನಿಂತಿದ್ದೆ.

"ಸುಣ್ಣದ ಕಲಿ ಐತ್ರಿ, ಸ್ವಲ್ಪ ಟಚ್ ಮಾಡಿ ಕೊಡ್ತೇನಿ."

"ಮಾಡು" ಅಂದೆ. ಮನಿಗೆ ಬಂದು ಅವ್ವಗ ಹೇಳಿದೆ, ನಿನ್ನ ಗಂಡನ್ನ ಮನಿಗೆ ಕರಕೊಂಡ ಬರ್ತೇನಿ ತಗೊ. ಎಷ್ಟೋ ದಿನದ ಮ್ಯಾಲ ನಕ್ಕಳು.

21 ಏಪ್ರಿಲ್

ಅಂದಾನೆಪ್ಪನ ಕೈಗೆ ಕುಷ್ಠ ಹತ್ಲಿ.

ಫ್ರೇಮು ಹಾಕಿ ತಂದಾನ. ಅಪ್ಪಗ ಕ್ವಾಟು ತೊಡಿಸ್ಯಾನ. ಟೈ ಕಟ್ಯಾನ. ಎದಿ ಮ್ಯಾಲಿನ ನಂಬರ ಹಲಗಿ ಅಳಿಸಿ ಗುಲಾಬಿ ಹೂ ಇಟ್ಟಾನ. ಗುಂಗರು ಕೂದಲ ನೆಟ್ಟಗ ಮಾಡಿ ಓರಿ ಬೈತಲಿ ತಗದಾನ. ಮಾರಿ ಹಾಲಿನ್ಯಾಗ ತೊಳದ್ಹಂಗ. ನೆಗೆಟಿವ್ ಮ್ಯಾಲೇ ತಿದ್ದ್ಯಾನಂತ, ಮೊದಲಿನದು ಉಳದಿಲ್ಲ. "ಬೆಳ್ಳಗ ಮಾಡೇನ್ರಿ ಬಾಯಾರ" ಅಂತ ಹಲ್ಲು ಕಿಸದ, ಶಾಭಾಸ್ ಅಂತೇನಿ ಅಂತ ತಿಳಕೊಂಡು. ಆ ಸುಣ್ಣದ ಬಟ್ಟಿನಾಂವ, ಇಂವ, ಇಬ್ಬರದೂ ಒಂದ ಕಸಬು. ಇಂವ ಕಲಾವಿದ ಅಂತ ಬೋರ್ಡ ಹಾಕ್ಕೊಂಡಾನ, ಅಷ್ಟ ಫರಕು.

ಅವ್ವ ಕೈ ತೊಳಕೊಂಡು ಬಂದು ಎರಡೂ ಕೈಲೆ ಹಿಡಕೊಂಡ್ಳು. ಕಾಚು ಸೆರಗಿನಿಂದ ವರಸಿದ್ಳು. ಭಾಳ ಹೊತ್ತು ನೋಡಿದ್ಳು.

"ಯಾರು ಇಂವ? ಹೊಸ ಪಾದ್ರಿ?"

"ಅಪ್ಪ."

"ಅಲ್ಲ."

"ಕ್ವಾಟು ಬಿಡು. ಮಾರಿ ನೋಡು."

"ಮಾರಿನ ನೋಡಾಕತ್ತೇನಿ. ತುಟಿ ಎಲ್ಲೈತಿ?"

"ಯಾವ ತುಟಿ?"

ನನ್ನ ಮಾರಿ ನೋಡಿದ್ಳು. ಫ್ರೇಮು ಅಕ್ಕಿ ಡಬ್ಬಿ ಹಿಂದ ಇಟ್ಟ್ಳು, ಗ್ವಾಡಿಗೆ ಮಾರಿ ಮಾಡಿ. ಪರಗಂಡಸನ್ನ ಮನ್ಯಾಗ ಎದರಿಗೆ ಇಟಗೋಬಾರದಂತ.

26 ಏಪ್ರಿಲ್

ಆರ್ಡರ್ ಬಂತು. ಕಾರವಾರದ ಶಿಕ್ಕಾ, ಕೆಂಪು ಶಾಯಿ ಸಹಿ. ವರ್ಷಗಟ್ಟಲೆ ಹಿಡಿಯೂ ಕೆಲಸ ನಾಕ ವಾರದಾಗ ಮುಗಿಸ್ಯಾರ. ಸರಕಾರಕ್ಕ ಜೀವಮಾನದಾಗ ಒಮ್ಮೆ ಅವಸರ ಬಂದದ್ದು, ಅದೂ ಈಗ.

ಸಾತಪ್ಪ ಒಬ್ಬನ ಇದ್ದ. ಫೌಜದಾರ ಬಂದೋಬಸ್ತಿಗೆ ಮುಂಡಗೋಡ ಕಡೆ ಹೋಗಿದ್ದ. "ಖುಷಿ ಆತಿಲ್ರಿ ಬಾಯಾರ? ನಾಳೆ ಇಳಸ್ತೇನಿ. ಲಕೋಟಿನೂ ತಯಾರ ಐತಿ."

"ಅರ್ಜಿ ವಾಪಸ್ ತಗೊಂಡ್ರ?"

ಕಿವ್ಯಾಗಿನ ಕಡ್ಡಿ ಅಲ್ಲೇ ನಿಂತಿತು. "ವಾಪಸ್ಸಿಗೂ ಅರ್ಜಿ ಬೇಕ್ರಿ. ಮತ್ತ ಡಂಗುರ. ಮತ್ತ ತಕರಾರು."

ಹೊರಗ ಅವ್ವ ಪಾವಟಿಗಿ ಮ್ಯಾಲ ಕುಂತಿದ್ಳು, ಸಂತಿ ಚೀಲ ಬಾಜೂಕ ಇಟಗೊಂಡು. ಎರಡು ಬೀಡಿ ಕಟ್ಟಿ ಮ್ಯಾಲ ಇದ್ವು. ಕಿಡಕಿಯಿಂದ ಕಾಣತಿತ್ತು. ನನ್ನ ಬಾಯಿಂದ ಈ ಮಾತು ಬಂತು, ಬಂದದ್ದು ಬಂತು —

"ಸಾತಪ್ಪ, ನಿಮ್ಮ ಠಾಣ್ಯಾಗ ಕಾಗದ ಕಳೀತಾವಲ್ಲ?"

"ಕಳಿಯೂದಿಲ್ರಿ! ಅಡೀಗ ಹೋಗ್ತಾವು."

"ಇದೂ ಹೋಗಬಹುದಲ್ಲ?"

ಸಾತಪ್ಪ ನನ್ನ ನೋಡಿದ. ಕಿಡಕಿ ಕಡೆ ನೋಡಿದ. ಆಮ್ಯಾಲ ಎದ್ದು ಬಾಗಲ ಮುಂದ ಮಾಡಿದ.

"ಏಳು ವರ್ಷ ನಿಮ್ಮಪ್ಪನ ಬೀಡಿ ಸೇದೇನ್ರಿ ಬಾಯಾರ. ಮೊದಲ ಯಾರೋ ಮರತು ಹೋಗ್ಯಾರ ಅಂತ ತಿಳದಿದ್ದೆ. ಆಮ್ಯಾಲ ಮುದುಕಿ ಇಡೂದು ಕಂಡೆ. ಕಂಡ ಮ್ಯಾಲೂ ಸೇದಿದೆ. ಸೇದದ ಬಿಟ್ರ ಆಕಿ ಮುಂದಿನ ಸಂತಿಗೆ ಬಂದು ಸಪ್ಪಗ ಆಗ್ತಿದ್ಳು."

ಆರ್ಡರ್ ಮಡಿಚಿದ. ಮೂಲ್ಯಾಗ ಕೆಂಪು ಅರಬಿ ಕಟ್ಟಿದ ಹಳೇ ಕಟ್ಟುಗಳ ರಾಶಿ ಇತ್ತು, ಇಲಿ ಕಡದದ್ದು. ತಳದ ಕಟ್ಟು ಎತ್ತಿ ಅದರ ಬುಡಕ್ಕ ತೂರಿಸಿದ. ರಾಶಿ ಮ್ಯಾಲ ಚಾದ ಕಿಟ್ಲಿ ಇಟ್ಟ.

"ಯಾವಾಗ ಮ್ಯಾಲ ಬರ್ತೈತಿ?"

"ಮುದುಕಿ ಇರೂತನಕ ಬರೂದಿಲ್ರಿ. ಫೌಜದಾರ ಮಳಿಗಾಲಕ್ಕ ವರ್ಗ ಆಗ್ತಾನ. ಹೊಸಬ ಬಂದು ಈ ರಾಶಿ ನೋಡಿದ್ರ ತಾನೂ ವರ್ಗ ಕೇಳ್ತಾನ."

ಇವನಿಗೆ ಕೈ ಮುಗಿಬೇಕು ಅನ್ನಿಸ್ತು. ಮುಗೀಲಿಲ್ಲ, ಅಂವನ ತಲಿ ತಿರಗ್ತೈತಿ. "ಕಿವ್ಯಾಗ ಕಡ್ಡಿ ಹಾಕಬ್ಯಾಡ್ರಿ, ಕಿವುಡ ಆಗ್ತೀರಿ" ಅಂದು ಬಂದೆ. ಹಾದಿ ತುಂಬ ಕಣ್ಣೀರು ಬಂತು. ಧೂಳು ಅಂತ ಕಂಡಕ್ಟರಗ ಹೇಳಿದೆ.

3 ಮೇ, ಹೊನ್ನಿಕಟ್ಟಿ, ಆಲದ ಗಿಡದ ಬುಡಕ್ಕ

ಅವ್ವನ ಜೋಡಿ ಬಂದೇನಿ. ರಜಾ ಹಾಕಿ. ಬಸ್ಸಿಳದು ಯಾವಾಗಿನ ಹಂಗ ಬೆನ್ನು ಮಾಡಿ ನಿಂತೆ. ಅವ್ವ ಬಂದು ಭುಜ ಹಿಡದು ತಿರಿಗಿಸಿದ್ಳು, ಸಣ್ಣ ಹುಡುಗೀನ ತಿರಿಗಿಸಿದ್ಹಂಗ. "ಒಮ್ಮೆನಾರ ನೋಡು."

ಹತ್ರ ಹೋದೆ. ಸಂತಿ ಮಂದಿ ನೋಡಾಕತ್ತಿದ್ರು. ನೋಡ್ಲಿ, ಟಿಕೇಟಿಲ್ಲ.

ಸುಣ್ಣದ ಕಲಿ ಅರ್ಧಾ ಹೋಗೇತಿ, ಅವ್ವ ಜಾಳಗ್ಯಾಗ ಸೆರಗು ತೂರಿಸಿ ವರಸಿರಬೇಕು. ಅಪ್ಪಗ ಅಂಗಿ ಗುಂಡಿ ಇಲ್ಲ. ಎದಿ ಮ್ಯಾಲ ನಂಬರ ಹಲಗಿ, ತಾನ ಹಿಡಕೊಂಡಾನ. ನಾ ತಿಳಕೊಂಡಿದ್ದೆ ತಲಿ ತಗ್ಗಿಸಿರ್ತಾನ ಅಂತ. ಅಳಾಕತ್ತಿರ್ತಾನ, ಕೈ ಮುಗದಿರ್ತಾನ ಅಂತ. ಇಷ್ಟ ವರ್ಷ ಅದಕ್ಕ ನೋಡಿರಲಿಲ್ಲ.

ತಲಿ ತಗ್ಗಿಸಿಲ್ಲ. ಕ್ಯಾಮೆರಾ ಹಿಡದ ಪೊಲೀಸನ್ನ ನೆಟ್ಟಗ ನೋಡಾಕತ್ತಾನ, ಇಂವೆಂಥಾ ಮನಷ್ಯಾ ಅನ್ನೋಹಂಗ. ಕೆಳಗಿನ ತುಟಿ ಎಡಕ್ಕ ಎಳದು ಓರಿ ಮಾಡ್ಯಾನ. ಅಂದಾನೆಪ್ಪ ನೆಟ್ಟಗ ಮಾಡಿದ್ದು ಅದನ್ನ. ನಾ ಬಾಯಿ ಮುಟ್ಟಿ ನೋಡಕೊಂಡೆ. ಅವ್ವ ಅಪ್ಪನ್ನ ನೋಡಿದ್ಳು, ನನ್ನ ನೋಡಿದ್ಳು. "ಮನ್ಯಾಗ ನೀ ತುಟಿ ಹಂಗ ಮಾಡಿದಾಗೆಲ್ಲಾ ನನಗ ಅಳು ಬರ್ತಿತ್ತು" ಅಂದ್ಳು. "ಅದಕ್ಕ ಬ್ಯಾಡ ಅಂತಿದ್ದೆ."

ಇಲ್ಲೆ ಬಂದು ಕುಂತು ಬರೀತೇನಿ. ಬಸ್ಸು ಬಂದು ಹೋತು, ಹೋಗ್ಲಿ. ಅವ್ವ ಅಲ್ಲಿಂದ ಕರಿಯಾಕತ್ತಾಳ, ಇವತ್ತು ಬೀಡಿ ನಿನ್ನ ಕೈಲೆ ಇಡು ಅಂತ. ಸಾತಪ್ಪ ಪಡಸಾಲ್ಯಾಗ ಆ ಕಡೆ ಮಾರಿ ಮಾಡಿ ಕುಂತಾನ, ಏನೂ ಕಂಡಿಲ್ಲ ಅನ್ನೋಹಂಗ. ಎದ್ದೆ. ಅಪ್ಪಗ ಏನಂತ ಹೇಳಿ ಇಡ್ಲಿ, ಇಷ್ಟ ವರ್ಷ ಬೆನ್ನು ಮಾಡಿ ನಿಂತಾಕಿ ನಾ, ಈಗ ಹೋಗಿ —